ಒಂದೇ ಟಿಕೆಟ್‌ಗೆ ಕೊಲಂಬೊ

ಮದರಾಸಿನ ಎಗ್ಮೋರ್ ನಿಲ್ದಾಣದಲ್ಲಿ ಒಂದು ಟಿಕೆಟ್ ಕೊಂಡು ಕೊಲಂಬೊದಲ್ಲಿ ಇಳಿಯಬಹುದಾದ ಕಾಲವೊಂದಿತ್ತು. ಸಂಜೆ ಹೊರಟ ರೈಲು ಮರುದಿನ ಮಧ್ಯಾಹ್ನ ಧನುಷ್ಕೋಟಿಯ ಕಡಲಕಟ್ಟೆಗೆ ಬಂದು ನಿಲ್ಲುತ್ತಿತ್ತು. ಅಲ್ಲಿ ಉಗಿಹಡಗು ಸಿದ್ಧವಾಗಿರುತ್ತಿತ್ತು. ನಡುವೆ ಸುಮಾರು 35 ಕಿ.ಮೀ. ಸಮುದ್ರ. ಆಚೆ ದಡದ ತಲೈಮನ್ನಾರ್‌ನಲ್ಲಿ ಇನ್ನೊಂದು ರೈಲು ಹತ್ತಿ ಮಲಗಿದರೆ ಮೂರನೆಯ ದಿನ ಬೆಳಗ್ಗೆ ಕೊಲಂಬೊ. ಜನ ಇದನ್ನು ಕರೆದದ್ದು 'ಬೋಟ್ ಮೇಲ್' ಎಂದು.

ಇದಕ್ಕೂ ಮೊದಲು ಸಿಲೋನಿಗೆ ಹೋಗುವವರು ತೂತ್ತುಕುಡಿಯವರೆಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗಿನಲ್ಲಿ ಇಡೀ ರಾತ್ರಿ ಕಳೆಯಬೇಕಿತ್ತು. ಕಡಲ ದಾರಿಯನ್ನು ಮೊಟಕುಗೊಳಿಸಿದ್ದು 1914ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಪಾಂಬನ್ ಸೇತುವೆ. ಎರಡು ಕಿ.ಮೀ. ಉದ್ದದ ಈ ಸೇತುವೆಯ ನಡುಭಾಗ ಎರಡು ತೋಳುಗಳಂತೆ ಮೇಲೆದ್ದು ಹಡಗುಗಳಿಗೆ ದಾರಿ ಬಿಡುತ್ತಿತ್ತು. ಅದನ್ನು ಎತ್ತುತ್ತಿದ್ದುದು ಕೆಲಸಗಾರರ ಕೈಬಲವೇ. ಕಾಶಿ-ರಾಮೇಶ್ವರ ಯಾತ್ರೆ ಮಾಡುತ್ತಿದ್ದ ನಮ್ಮ ಕಡೆಯವರಿಗೂ ದೋಣಿ ದಾಟುವ ತಾಪತ್ರಯ ತಪ್ಪಿದ್ದು ಇದರಿಂದಲೇ.

ರಾಮಸೇತುವಿನ ಮರಳುದಿಬ್ಬಗಳ ಮೇಲೆ ಕೊಲಂಬೊವರೆಗೂ ಹಳಿ ಹಾಕಬೇಕೆಂಬ ಆಲೋಚನೆಯೂ ಇತ್ತು. ಖರ್ಚಿನ ಲೆಕ್ಕ ನೋಡಿ ಅದನ್ನು ಕೈಬಿಟ್ಟು ಹಡಗಿನ ಸೇವೆಗೆ ತೃಪ್ತಿಪಟ್ಟರು. ಭಾರತದ ದಡಕ್ಕೆ ಬರುತ್ತಿದ್ದುದು ಮೀಟರ್‌ಗೇಜ್ ಹಳಿ, ಸಿಲೋನಿನದು ಬ್ರಾಡ್‌ಗೇಜ್. ಎರಡೂ ಬ್ರಿಟಿಷರೇ ಹಾಕಿಸಿದವು ಎಂಬುದು ಬೇರೆ ಮಾತು.

ಮೊದಲ ದರ್ಜೆಯ ಪ್ರಯಾಣಿಕರಿಗೆ ಇದೆಲ್ಲ ಸುಖದ ಪಯಣ. ಆದರೆ ಈ ದಾರಿಯನ್ನು ತುಂಬಿದವರು ಬೇರೆ ಜನ. ಸಿಲೋನಿನ ಚಹಾ ತೋಟಗಳಿಗೆ ಹೊರಟ ತಮಿಳು ಕೂಲಿಗಳು ಇವರು. ಇವರ ಹಿಂದಿನವರು ದೋಣಿಯಲ್ಲಿ ಮನ್ನಾರ್ ತಲುಪಿ, ಅಲ್ಲಿಂದ ಕಾಡಿನ ಹಾದಿಯಲ್ಲಿ ಬೆಟ್ಟದ ಸೀಮೆಗೆ ನಡೆದೇ ಹೋಗಿದ್ದರು. ಕಾಲರಾ, ಜ್ವರಗಳಿಗೆ ದಾರಿಯಲ್ಲೇ ಸತ್ತವರು ಅನೇಕರು. ರೈಲು ಬಂದ ಮೇಲೆ ನಡಿಗೆ ತಪ್ಪಿತು, ಕಾಯುವುದು ತಪ್ಪಲಿಲ್ಲ. ಸೇತುವೆಯ ಈಚೆಗಿನ ಮಂಟಪಂನಲ್ಲಿ, ಅಂದರೆ ಭಾರತದ ನೆಲದಲ್ಲೇ, ಸಿಲೋನ್ ಸರ್ಕಾರ ಒಂದು ಶಿಬಿರ ನಡೆಸುತ್ತಿತ್ತು. ರೋಗ ಅಂಟಿಲ್ಲವೆಂದು ಖಾತ್ರಿಯಾಗುವತನಕ ಕೂಲಿಗಳನ್ನು ಅಲ್ಲಿ ಕೆಲವು ದಿನ ಕೂಡಿಹಾಕುತ್ತಿದ್ದರು. ಹೀಗಾಗಿ ಸಾಹೇಬರ ಎರಡು ರಾತ್ರಿಯ ಪಯಣ ಕೂಲಿಯ ಪಾಲಿಗೆ ವಾರವೂ ಆಗುತ್ತಿತ್ತು.

1948ರಲ್ಲಿ ಸಿಲೋನ್ ಸ್ವತಂತ್ರವಾಯಿತು. ಆ ವರ್ಷದ ಪೌರತ್ವ ಕಾಯ್ದೆಯಿಂದ ತೋಟಗಳ ಲಕ್ಷಾಂತರ ತಮಿಳರು ಯಾವ ದೇಶಕ್ಕೂ ಸೇರದವರಾದರು. 1964ರ ಅಕ್ಟೋಬರಿನಲ್ಲಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಸಿರಿಮಾವೊ ಬಂಡಾರನಾಯಿಕೆ ಮಾಡಿಕೊಂಡ ಒಪ್ಪಂದದಂತೆ 5,25,000 ಮಂದಿಯನ್ನು ಕರೆಸಿಕೊಳ್ಳಲು ಭಾರತ ಒಪ್ಪಿತು.

ಅದಾಗಿ ಎರಡು ತಿಂಗಳಿಗೇ, ಡಿಸೆಂಬರ್ 22ರ ರಾತ್ರಿ, ಚಂಡಮಾರುತ ಧನುಷ್ಕೋಟಿಯ ಮೇಲೆ ಬಿತ್ತು. ಪಾಂಬನ್ ಕಡೆಯಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ಊರು ಇನ್ನೇನು ಸಿಕ್ಕಿತೆನ್ನುವಾಗ ಅಲೆಗಳ ಪಾಲಾಯಿತು. ಅದರಲ್ಲಿದ್ದ ನೂರಕ್ಕೂ ಹೆಚ್ಚು ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ನಿಲ್ದಾಣ, ಕಟ್ಟೆ, ಅಂಚೆ ಕಚೇರಿ ಎಲ್ಲವೂ ನಾಶವಾದವು. ಊರು ವಾಸಕ್ಕೆ ಯೋಗ್ಯವಲ್ಲವೆಂದು ಸರ್ಕಾರವೇ ಸಾರಿತು. ಮುರಿದ ಪಾಂಬನ್ ಸೇತುವೆಯನ್ನು ಯುವ ಎಂಜಿನಿಯರ್ ಇ. ಶ್ರೀಧರನ್ ಅವರ ತಂಡ 46 ದಿನಗಳಲ್ಲಿ ದುರಸ್ತಿ ಮಾಡಿತು. ಆದರೆ ಧನುಷ್ಕೋಟಿಗೆ ರೈಲು ಮತ್ತೆ ಹೋಗಲಿಲ್ಲ.

ಹಡಗು ರಾಮೇಶ್ವರಕ್ಕೆ ಸ್ಥಳಾಂತರವಾಯಿತು. ಒಪ್ಪಂದದ ಪ್ರಕಾರ ಮರಳಿದ ತೋಟದ ಜನ ಇಳಿದದ್ದು ಇಲ್ಲಿಯೇ. ಅಜ್ಜಂದಿರು ಕಾದು ಕುಳಿತ ಮಂಟಪಂ ಶಿಬಿರಕ್ಕೇ ಮೊಮ್ಮಕ್ಕಳು, ಅವರಲ್ಲಿ ಬಹುಮಂದಿ ಎಂದೂ ನೋಡದ 'ಸ್ವದೇಶ'ಕ್ಕೆ, ಬಂದಿಳಿದರು. 1980ರ ದಶಕದ ಅಂತರ್ಯುದ್ಧ ಆ ಹಡಗನ್ನೂ ನಿಲ್ಲಿಸಿತು.

ತಲೈಮನ್ನಾರ್‌ಗೆ ರೈಲು ಮರಳಿ ಬಂದದ್ದು 2015ರಲ್ಲಿ. 2023ರಲ್ಲಿ ನಾಗಪಟ್ಟಣದಿಂದ ಕಂಕೆಸಂತುರೈಗೆ ಪ್ರಯಾಣಿಕರ ಹಡಗು ಶುರುವಾಯಿತು. 2025ರ ಏಪ್ರಿಲ್‌ನಲ್ಲಿ ಪಾಂಬನ್‌ಗೆ ಹೊಸ ಸೇತುವೆ ಬಂತು. ಹಳೆಯ ಜಲಮಾರ್ಗದಲ್ಲಿ ಮಾತ್ರ ಟಿಕೆಟ್ ಕೊಡುವವರಿಲ್ಲ. ಆದರೂ 2022ರಲ್ಲಿ ಶ್ರೀಲಂಕೆಯ ಅರ್ಥವ್ಯವಸ್ಥೆ ಕುಸಿದಾಗ ಕೆಲವು ಕುಟುಂಬಗಳು ಮೀನುಗಾರರ ದೋಣಿಗಳಲ್ಲಿ ಕಡಲು ದಾಟಿ ಧನುಷ್ಕೋಟಿಯ ಬಳಿಯ ಮರಳುದಿಬ್ಬಗಳ ಮೇಲೆ ಇಳಿದವು. ಅವರನ್ನು ವಿಚಾರಣೆಯ ನಂತರ ಕಳುಹಿಸಿದ್ದು ಮಂಟಪಂ ಶಿಬಿರಕ್ಕೆ.