ಸಾರ್ಸುವೇಲಾ ಮತ್ತು ನಮ್ಮ ಕಂಪನಿ ನಾಟಕ

ಸಾಂಟಾ ಕ್ಲಾರಾದಲ್ಲಿ ಮನೆ ಮಾಡಿಕೊಂಡಿರುವ ನಮಗೆ ಫಿಲಿಪೀನ್ಸ್ ಮೂಲದವರು ಅಪರಿಚಿತರೇನಲ್ಲ. ಅಂಗಡಿಯಲ್ಲಿ, ಆಸ್ಪತ್ರೆಯಲ್ಲಿ, ಮಕ್ಕಳ ಶಾಲೆಯಲ್ಲಿ ದಿನವೂ ಕಾಣುತ್ತೇವೆ, ನಕ್ಕು ಮುಂದೆ ಹೋಗುತ್ತೇವೆ. ಅವರ ನಾಡಿನ 'ಸಾರ್ಸುವೇಲಾ' ಎಂಬ ಸಂಗೀತ ನಾಟಕದ ಕಥೆ ತಿಳಿದ ಮೇಲೆ ಮಾತ್ರ ಇವರು ನಮಗೆ ಅಷ್ಟೇನೂ ದೂರದವರಲ್ಲ ಎನಿಸಿತು. ಸಾರ್ಸುವೇಲಾ ಮತ್ತು ನಮ್ಮ ಕಂಪನಿ ನಾಟಕ ಎರಡೂ ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, ಒಂದರ ಸುದ್ದಿ ಇನ್ನೊಂದಕ್ಕೆ ಇಲ್ಲದೆ ಬೆಳೆದ ಅಕ್ಕತಂಗಿಯರಂತಿವೆ.

ಹದಿನೇಳನೆಯ ಶತಮಾನದ ಸ್ಪೇನಿನಲ್ಲಿ, ಮ್ಯಾಡ್ರಿಡ್ ಹತ್ತಿರದ ಅರಮನೆಯೊಂದರಲ್ಲಿ ಮಾತು, ಹಾಡು ಬೆರೆತ ನಾಟಕಗಳು ನಡೆಯುತ್ತಿದ್ದವು. ಆ ಅರಮನೆಯ ಹೆಸರೇ ನಾಟಕಕ್ಕೂ ಬಂದಿತು. ಸ್ಪೇನಿನವರು ಫಿಲಿಪೀನ್ಸನ್ನು ಮುನ್ನೂರು ವರ್ಷಗಳಿಗೂ ಹೆಚ್ಚು ಕಾಲ ಆಳಿದರು. ಅವರ ಆಳ್ವಿಕೆಯ ಕೊನೆಗಾಲದಲ್ಲಿ, 1870ರ ದಶಕದ ಅಂತ್ಯಕ್ಕೆ, ಈ ನಾಟಕ ಸ್ಪ್ಯಾನಿಷ್ ಭಾಷೆಯಲ್ಲಿಯೇ ಮನಿಲಾಕ್ಕೆ ಬಂದಿತು. 1898ರಲ್ಲಿ ಸ್ಪೇನ್ ಹೋಗಿ ಅಮೆರಿಕ ಬಂದ ಮೇಲೆ ಅದು ತಗಾಲೋಗ್ ಮೊದಲಾದ ನಾಡಭಾಷೆಗಳಲ್ಲಿ ಬಾಯಿಬಿಟ್ಟಿತು. 1902ರಲ್ಲಿ ಸೆವೆರಿನೋ ರೇಯೆಸ್ ಬರೆದ 'ವಾಲಾಂಗ್ ಸುಗಾತ್' ಸ್ಪ್ಯಾನಿಷ್ ಪಾದ್ರಿಗಳ ಕ್ರೌರ್ಯವನ್ನು ರಂಗಕ್ಕೆ ತಂದಿತು. ಅಂದರೆ, ಆಳಿದವರು ಬಿಟ್ಟುಹೋದ ನಾಟಕದಲ್ಲಿಯೇ ಆಳಿದವರ ಕಥೆ ಹೇಳಿದಂತಾಯಿತು. ಮರುವರ್ಷವೇ, 1903ರಲ್ಲಿ, ಔರೇಲಿಯೋ ತೊಲೆಂತಿನೋ ಎಂಬ ನಾಟಕಕಾರನನ್ನು ಅಮೆರಿಕದ ಆಡಳಿತ ರಾಜದ್ರೋಹದ ಆರೋಪದ ಮೇಲೆ ಬಂಧಿಸಿತು. ರಂಗದ ಮೇಲಿನ ಮಾತಿಗೆ ಆಗ ಅಷ್ಟು ಬೆಲೆಯಿತ್ತು.

ಇನ್ನು ನಮ್ಮ ಕಡೆಗೆ ಬರೋಣ. ಕನ್ನಡ ಕಂಪನಿ ನಾಟಕವೆಂದರೆ ಮರಾಠಿಯವರ, ಪಾರ್ಸಿಯವರ ನಕಲು ಎಂಬ ಮಾತು ಹಳೆಯದು. ಅದರಲ್ಲಿ ನಿಜವಿಲ್ಲದಿಲ್ಲ. ಆದರೆ ಸಾಲದ ಲೆಕ್ಕವನ್ನು ಮೊದಲಿನಿಂದ ಬರೆದರೆ ಬೇರೊಂದು ಸಂಗತಿ ಕಾಣುತ್ತದೆ. 1843ರಲ್ಲಿ ಸಾಂಗ್ಲಿಯಲ್ಲಿ ವಿಷ್ಣುದಾಸ ಭಾವೆಯವರು 'ಸೀತಾ ಸ್ವಯಂವರ'ವನ್ನು ಆಡಿಸಿದರು. ಮರಾಠಿ ರಂಗಭೂಮಿಯ ಹುಟ್ಟು ಅದೇ ಎನ್ನುತ್ತಾರೆ. ಅವರಿಗೆ ಪ್ರೇರಣೆಯಾದದ್ದು ಅಲ್ಲಿಗೆ ಬಂದು ಆಡಿಹೋಗಿದ್ದ ಉತ್ತರ ಕನ್ನಡದ ಭಾಗವತ ಮೇಳ! 1880ರಲ್ಲಿ ಪುಣೆಯಲ್ಲಿ 'ಸಂಗೀತ ಶಾಕುಂತಲ'ವನ್ನು ರಂಗಕ್ಕೆ ತಂದು ಮರಾಠಿ ಸಂಗೀತ ನಾಟಕಕ್ಕೆ ನೆಲೆ ಕೊಟ್ಟ ಅಣ್ಣಾಸಾಹೇಬ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಸೀಮೆಯ ಗುರ್ಲಹೊಸೂರಿನಲ್ಲಿ. ನಾವು ಕೊಟ್ಟದ್ದೇ ಬಡ್ಡಿ ಸಮೇತ ನಮಗೆ ಹಿಂದಿರುಗಿತು ಎಂದರೂ ತಪ್ಪಾಗಲಾರದು.

ಮರಾಠಿ ಮಂಡಳಿಗಳು ಧಾರವಾಡ, ಹುಬ್ಬಳ್ಳಿ, ಗದಗಗಳಲ್ಲಿ ಜನರನ್ನು ಮರುಳು ಮಾಡುತ್ತಿದ್ದಾಗ, ನಮ್ಮವರು ನಮ್ಮ ಭಾಷೆಯಲ್ಲಿ ನಾಟಕ ನೋಡುವುದು ಯಾವಾಗ ಎಂದು ನೊಂದವರು ಗದಗಿನ ಶಾಂತಕವಿಗಳು, ಅಂದರೆ ಸಕ್ಕರಿ ಬಾಳಾಚಾರ್ಯರು. ಶಾಲೆಯ ಮಾಸ್ತರಿಕೆ ಮಾಡುತ್ತಲೇ 1870ರ ದಶಕದಲ್ಲಿ ಅವರು ನಾಟಕ ಮಂಡಳಿ ಕಟ್ಟಿ, ತಾವೇ 'ಉಷಾಹರಣ' ಬರೆದರು. ಅತ್ತ ಮೈಸೂರಿನಲ್ಲಿ ಚಾಮರಾಜ ಒಡೆಯರ ಆಸ್ಥಾನದಲ್ಲಿ ಬಸವಪ್ಪ ಶಾಸ್ತ್ರಿಗಳು ಶಾಕುಂತಲವನ್ನು ಕನ್ನಡಕ್ಕೆ ತಂದರು. 1884ರಲ್ಲಿ ಗುಬ್ಬಿ ಕಂಪನಿ ಹುಟ್ಟಿತು. ಆ ಕಂಪನಿಗೆ ಬಾಲಕನಾಗಿ ಸೇರಿದ ವೀರಣ್ಣನವರು ಮುಂದೆ ಅದರ ಒಡೆಯರಾದರು. 'ಕುರುಕ್ಷೇತ್ರ' ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದರು.

ಬಣ್ಣದ ಪರದೆ ಪಾರ್ಸಿ ಕಂಪನಿಗಳ ಮೂಲಕ ಬಂದದ್ದು; ಅವರಿಗೆ ಅದು ಇಂಗ್ಲಿಷರಿಂದ ಬಂದದ್ದು. ಹಾರ್ಮೋನಿಯಂ ಯೂರೋಪಿನದು. ಚೀಟಿ ಕೊಂಡು ಒಳಗೆ ಹೋಗುವ ಪದ್ಧತಿಯೂ ಹೊಸದೇ. ಆದರೆ ನಾಂದಿ ನಮ್ಮದು, ಕಂದಪದ್ಯ ನಮ್ಮದು, ರಾಗ ನಮ್ಮದು, ಹಾಸ್ಯಗಾರನ ಮಾತಂತೂ ಅಪ್ಪಟ ನಮ್ಮೂರಿನದು. ಮೂರನೆಯ ಗಂಟೆ ಹೊಡೆದು ಪರದೆ ಎದ್ದರೆ ಬೆಳಗಿನ ಜಾವದವರೆಗೆ ಯಾರೂ ಏಳುತ್ತಿರಲಿಲ್ಲ. 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿತ್ತೆಂದು ಹಿರಿಯರು ನಗುತ್ತಾ ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮಲ್ಲಿಕಾರ್ಜುನ ಮನ್ಸೂರರಂಥ ಮಹಾಗಾಯಕರ ಕಂಠ ಮೊದಲು ಜನರ ಕಿವಿಗೆ ಬಿದ್ದದ್ದೂ ವಾಮನರಾವ್ ಮಾಸ್ತರರ ನಾಟಕ ಕಂಪನಿಯಲ್ಲಿಯೇ.

ಎರಡೂ ನಾಡುಗಳಲ್ಲಿ ಈ ರಂಗಭೂಮಿಯನ್ನು ಸೊರಗಿಸಿದ್ದು ಅದರ ಮಡಿಲಲ್ಲೇ ಬೆಳೆದ ಸಿನಿಮಾ. 1917ರ 'ದಲಾಗಾಂಗ್ ಬುಕಿದ್' ಎಂಬ ಸಾರ್ಸುವೇಲಾದಲ್ಲಿ ಅತಾಂಗ್ ದೆ ಲಾ ರಾಮಾ ಎಂಬ ಗಾಯಕಿ ಮನೆಮಾತಾದಳು. 1919ರಲ್ಲಿ ಅದೇ ಕಥೆ ಅವರ ಮೊದಲ ಚಲನಚಿತ್ರವಾಯಿತು. ನಮ್ಮಲ್ಲಿ 1934ರ 'ಸತಿ ಸುಲೋಚನಾ' ಚಿತ್ರದ ಸುಬ್ಬಯ್ಯ ನಾಯ್ಡು, ನಾಗೇಂದ್ರರಾಯರು ಇಬ್ಬರೂ ಕಂಪನಿಯವರೇ. 1954ರಲ್ಲಿ 'ಬೇಡರ ಕಣ್ಣಪ್ಪ'ನಾಗಿ ಬಂದ ರಾಜಕುಮಾರರೂ ಅಷ್ಟೇ. ಗುಬ್ಬಿ ಕಂಪನಿಗೆ ಓಡಿಹೋಗಿ ಸೇರಿದ್ದ ಬಿ. ವಿ. ಕಾರಂತರು 1970ರ ದಶಕದಲ್ಲಿ ಹೊಸ ನಾಟಕಗಳಿಗೆ ಹಾಡನ್ನು ಮರಳಿ ತಂದರು. ಬನಶಂಕರಿ ಜಾತ್ರೆಗೆ ಇಂದಿಗೂ ಕಂಪನಿಗಳು ಬಂದು ಬೀಡುಬಿಡುತ್ತವೆ. ಆದ್ದರಿಂದ ಎಲ್ಲವೂ ಮುಗಿಯಿತೆಂದು ನಾವು ಅಳಬೇಕಾಗಿಲ್ಲ.

ಅಳಬೇಕಾದದ್ದು ಬೇರೆ ಇದೆ. ಹಳೆಯ ನಾಟಕದ ಪುಸ್ತಕ ತೆರೆದರೆ ಹಾಡಿನ ಮೇಲೆ ರಾಗದ ಹೆಸರು, ತಾಳದ ಹೆಸರು, ಇಲ್ಲವೇ ಇಂಥ ಹಾಡಿನ ಮಟ್ಟು ಎಂಬ ಒಂದು ಸಾಲು ಇರುತ್ತದೆ, ಅಷ್ಟೆ. ಸ್ವರ ಬರೆದಿಡುವ ಪದ್ಧತಿ ಇರಲಿಲ್ಲ. ಹಾರ್ಮೋನಿಯಂ ಮಾಸ್ತರರು ಹೇಳಿಕೊಟ್ಟದ್ದು, ಹುಡುಗರು ಕೇಳಿ ಕಲಿತದ್ದು. ಮೂಲದ ಹಾಡು ಮರೆತುಹೋದರೆ ಮಟ್ಟಿನ ಹೆಸರಿಗೆ ಅರ್ಥವಿಲ್ಲ. ಮಾತು ಪುಸ್ತಕದಲ್ಲಿ ಉಳಿಯುತ್ತದೆ, ಹಾಡು ಮೂಕವಾಗುತ್ತದೆ. ಎರವಲು ತಂದದ್ದರಿಂದ ನಮ್ಮ ರಂಗಭೂಮಿ ಬಡವಾಗಲಿಲ್ಲ. ಹಾಡುವವರು ಇಲ್ಲದಿದ್ದರೆ ಬಡವಾಗುತ್ತದೆ.

ಕೂಟದ ಸದಸ್ಯರಲ್ಲಿ ನಮ್ಮದೊಂದು ವಿನಂತಿ. ಬೇಸಿಗೆಯಲ್ಲಿ ಊರಿನಿಂದ ಬರುವ ನಿಮ್ಮ ತಂದೆತಾಯಿ, ಅತ್ತೆಮಾವಂದಿರಲ್ಲಿ ಕಂಪನಿ ನಾಟಕ ನೋಡಿದವರು ಇನ್ನೂ ಇದ್ದಾರೆ. ಊಟವಾದ ಮೇಲೆ ಒಂದು ಸಂಜೆ ಅವರನ್ನು ಕೂರಿಸಿ, 'ಸದಾರಮೆ'ಯ ಒಂದು ಹಾಡು ನೆನಪಿದೆಯೇ ಎಂದು ಕೇಳಿ. ಮೊದಲು ನಾಚಿಕೊಳ್ಳುತ್ತಾರೆ, ಗಂಟಲು ಸರಿಯಿಲ್ಲ ಎನ್ನುತ್ತಾರೆ. ಬಿಡಬೇಡಿ. ಅರ್ಧ ಹಾಡಾದರೂ ಸರಿ, ಧ್ವನಿಮುದ್ರಿಸಿಕೊಳ್ಳಿ. ಮುಂದಿನ ರಾಜ್ಯೋತ್ಸವದ ನಾಟಕದಲ್ಲಿ ಒಂದು ಹಾಡನ್ನಾದರೂ ನಟರೇ ಬಾಯಿಬಿಟ್ಟು ಹಾಡಲಿ. ಆ ದಿನ ನೆರೆಮನೆಯ ಫಿಲಿಪಿನೋ ಸ್ನೇಹಿತರನ್ನೂ ಕರೆಯೋಣ. ಮಾತು ತಿಳಿಯದಿದ್ದರೂ ಅವರಿಗೆ ಈ ನಾಟಕ ಹೊಸದೆನಿಸಲಾರದು.