ಅಧಿಸೂಚನೆಯ ಸುಂಕ, ಸದನದ ಸರದಿ: ತಿಳವಳ್ಳಿ ಸೀಮೆಯಿಂದ ಕಂಡ ವ್ಯಾಪಾರ ನೀತಿ

1848ರಲ್ಲಿ ಬ್ರಿಟನ್ನಿನ ಕಾಮನ್ಸ್ ಸಭೆ ಭಾರತದ ಹತ್ತಿ ಬೆಳೆಯ ವಿಚಾರಣೆಗೆಂದೇ ಒಂದು ಸಮಿತಿ ನೇಮಿಸಿತು. ಅದರ ಅಧ್ಯಕ್ಷರು ಮ್ಯಾಂಚೆಸ್ಟರ್‌ನ ಸಂಸದ ಜಾನ್ ಬ್ರೈಟ್. ಅದಕ್ಕೆ ಕೆಲವೇ ವರ್ಷ ಮೊದಲು ನ್ಯೂ ಆರ್ಲಿಯನ್ಸ್ ಬೀಜ ಧಾರವಾಡ ಕಲೆಕ್ಟರೇಟಿನ ಎರೆಹೊಲಗಳಿಗೆ ಬಂದಿತ್ತು. ಮುಂದೆ ಆ ಹತ್ತಿಗೆ ಪೇಟೆಯಲ್ಲಿ ಧಾರವಾಡ-ಅಮೆರಿಕನ್ ಎಂಬ ಹೆಸರೇ ನಿಂತಿತು. ತಿಳವಳ್ಳಿ ಇರುವ ಹಾನಗಲ್ಲು ತಾಲ್ಲೂಕು, ಹಿರೇಕೆರೂರು ಕೇಂದ್ರವಾಗಿದ್ದ ಕೋಡ ತಾಲ್ಲೂಕು ಎರಡೂ ಆಗ ಅದೇ ಕಲೆಕ್ಟರೇಟಿನಲ್ಲಿದ್ದವು, ಸವಣೂರು ನವಾಬರ ಕೈಯಲ್ಲಿತ್ತು. ಎತ್ತಿನ ಬಂಡಿಗಳು ಘಟ್ಟ ಇಳಿದು ಕುಮಟಾ ಬಂದರಿಗೆ ಹತ್ತಿ ಸಾಗಿಸುತ್ತಿದ್ದ ಕಾಲ ಅದು. ಭೂಕಂದಾಯದ ಭಾರ, ರಸ್ತೆಗಳ ದುಃಸ್ಥಿತಿ, ಬೀಜದ ಗುಣ ಎಲ್ಲವನ್ನೂ ಲಂಡನ್ನಿನ ಸಂಸದರು ಕೆದಕಿದರು. ಅವರ ಕಾಳಜಿ ಲ್ಯಾಂಕಾಶೈರ್ ಗಿರಣಿಗಳಿಗೆ ಅರಳೆ ಸಾಲುತ್ತದೆಯೇ ಎಂಬುದು. ಹತ್ತಿ ಬಿಡಿಸಿದವರ ಪರವಾಗಿ ಕೇಳಲು ಆ ಸದನದಲ್ಲಿ ಯಾರೂ ಆಯ್ಕೆಯಾಗಿ ಹೋಗಿರಲಿಲ್ಲ.

ಈಗ ಆಯ್ಕೆಯಾಗಿ ಹೋಗುವವರಿದ್ದಾರೆ. ಹಾಗಿದ್ದೂ ಈ ಸೀಮೆಯ ಬೆಳೆಯ ಬೆಲೆಯನ್ನು ಅಲ್ಲಾಡಿಸುವ ಸುಂಕ, ಕೋಟಾ, ದಾಸ್ತಾನು ನಿರ್ಧಾರಗಳು ಸದನದ ಮುಂದೆ ಯಾವಾಗ ಬರುತ್ತವೆ, ಬಂದಾಗ ಬದಲಿಸಲು ಅವಕಾಶ ಉಳಿದಿರುತ್ತದೆಯೇ? ಈ ಲೇಖನ ಆ ಪ್ರಶ್ನೆಯನ್ನು ಹಾವೇರಿ ಜಿಲ್ಲೆಯ ತಿಳವಳ್ಳಿಯ ಸುತ್ತಲಿನ ಎರಡು ಬೆಳೆಗಳನ್ನು ಹಿಡಿದು ಪರಿಶೀಲಿಸುತ್ತದೆ: ಹತ್ತಿ ಮತ್ತು ಗೋವಿನಜೋಳ.

ಮೊದಲು ಹತ್ತಿ. 2021ರ ಫೆಬ್ರುವರಿಯ ಕೇಂದ್ರ ಬಜೆಟ್ ಆಮದು ಹತ್ತಿಯ ಮೇಲೆ ಶೇ 10ರ ಸುಂಕ ಘೋಷಿಸಿತು. ಮೇಲ್ತೆರಿಗೆ ಸೇರಿ ಅದು ಶೇ 11 ಆಯಿತು. ಮರುವರ್ಷ ಏಪ್ರಿಲ್ 14ರಿಂದ ಕೆಲವು ತಿಂಗಳ ಮಟ್ಟಿಗೆ ಅದನ್ನು ತೆಗೆದರು. 2025ರಲ್ಲಿ ಮತ್ತೆ ತೆಗೆದರು. ಆಗಸ್ಟ್ 19ರಿಂದ ಸೆಪ್ಟೆಂಬರ್ 30ರವರೆಗೆ ವಿನಾಯಿತಿ ಎಂದು ಮೊದಲ ಆದೇಶ. ಸಂಸತ್ತಿನ ಮುಂಗಾರು ಅಧಿವೇಶನ ಆಗಸ್ಟ್ 21ಕ್ಕೆ ಮುಗಿಯಿತು. ವಾರ ಕಳೆದು, ಆಗಸ್ಟ್ 28ರಂದು, ವಿನಾಯಿತಿಯನ್ನು ಡಿಸೆಂಬರ್ 31ರವರೆಗೆ ವಿಸ್ತರಿಸಿದ ಪ್ರಕಟಣೆ ಹೊರಬಿತ್ತು. ಭಾರತದ ಸರಕಿನ ಮೇಲೆ ಅಮೆರಿಕ ಹಾಕಿದ ಶೇ 50ರ ಸುಂಕ ಹಿಂದಿನ ದಿನವಷ್ಟೇ ಜಾರಿಗೆ ಬಂದಿತ್ತು. ನೂಲಿನ ಗಿರಣಿಗಳಿಗೆ, ಸಿದ್ಧ ಉಡುಪಿನ ಕಾರ್ಖಾನೆಗಳಿಗೆ ಉಸಿರಾಡಲು ಜಾಗ ಬೇಕಿತ್ತು ಎಂಬುದು ನಿಜ. ಹೊಲಿಗೆ ಯಂತ್ರದ ಮುಂದೆ ಕೂತ ಹೆಣ್ಣುಮಕ್ಕಳ ಕೆಲಸವೂ ಅದರಲ್ಲೇ ನಿಂತಿದೆ. ಆದರೆ ಮೊದಲ ಆರು ವಾರಗಳ ವಿನಾಯಿತಿಯಿಂದ ಹತ್ತಿ ಬೆಳೆಗಾರರಿಗೆ ಅಷ್ಟು ಪೆಟ್ಟು ಇರಲಿಲ್ಲ. ಆಗ ಕಾಯಿ ಇನ್ನೂ ಒಡೆದಿರುವುದಿಲ್ಲ. ವಿಸ್ತರಣೆ ಹಿಡಿದದ್ದು ಅಕ್ಟೋಬರಿನಿಂದ ಡಿಸೆಂಬರ್ ತನಕದ ಕಾಲವನ್ನು. ಮೊದಲ ಬಿಡಿಸುವಿಕೆಯ ಹತ್ತಿ ಪೇಟೆಗೆ ಬರುವುದು ಆಗಲೇ. ಆ ವರ್ಷ ಮಧ್ಯಮ ಎಳೆಯ ಹತ್ತಿಗೆ ಬೆಂಬಲ ಬೆಲೆ ಕ್ವಿಂಟಲಿಗೆ 7710 ರೂಪಾಯಿ, ಉದ್ದ ಎಳೆಗೆ 8110.

ಸುಂಕ ಬಂದದ್ದು ಬಜೆಟ್ ಮೂಲಕ, ಸದನದ ಕಣ್ಣೆದುರು. ಹೋದದ್ದು ಕಾರ್ಯಾಂಗದ ಅಧಿಸೂಚನೆಯಲ್ಲಿ.

ಇದಕ್ಕೆ ಕಾನೂನಿನ ಒಪ್ಪಿಗೆ ಇದೆ. 1962ರ ಸುಂಕ ಕಾಯ್ದೆಯ 25ನೇ ಸೆಕ್ಷನ್ ಸಾರ್ವಜನಿಕ ಹಿತಕ್ಕಾಗಿ ಸುಂಕ ಮನ್ನಾ ಮಾಡುವ ಅಧಿಕಾರವನ್ನು ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಅದಕ್ಕೆ ಎದುರಾಗಿ ಸಂಸತ್ತು ತನಗೆಂದು ಉಳಿಸಿಕೊಂಡದ್ದು 159ನೇ ಸೆಕ್ಷನ್. ಅಧಿಸೂಚನೆಯನ್ನು ಎರಡೂ ಸದನಗಳ ಮುಂದೆ ಇಡಬೇಕು. ಅಧಿವೇಶನದ ಒಟ್ಟು ಮೂವತ್ತು ದಿನಗಳ ಅವಧಿಯಲ್ಲಿ ಸದನಗಳು ಅದನ್ನು ತಿದ್ದಬಹುದು, ರದ್ದೂ ಮಾಡಬಹುದು. ಆದರೆ ಅಷ್ಟರಲ್ಲಿ ಆಗಿಹೋದ ವಹಿವಾಟು ಊರ್ಜಿತವಾಗಿಯೇ ಇರುತ್ತದೆ.

ಈ ‘ಇಡುವುದು’ ಹೇಗೆ ನಡೆಯುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಲೋಕಸಭೆಯಲ್ಲಿ ಪ್ರಶ್ನೋತ್ತರ ವೇಳೆ ಮುಗಿದು ಗಂಟೆ ಹನ್ನೆರಡಾದಾಗ ಸಭಾಧ್ಯಕ್ಷರು ಮಂಡನೆಯ ಕಾಗದಪತ್ರಗಳ ಬಾಬ್ತು ಕರೆಯುತ್ತಾರೆ. ಹಣಕಾಸು ರಾಜ್ಯ ಸಚಿವರು ಎದ್ದು, ತಮ್ಮ ಹೆಸರಿನ ಮುಂದಿರುವ ಕಾಗದಗಳನ್ನು ಸದನದ ಮೇಜಿನ ಮೇಲೆ ಇಡುತ್ತಿರುವುದಾಗಿ ಹೇಳಿ ಕೂರುತ್ತಾರೆ. ಒಂದೇ ಉಸಿರಿನಲ್ಲಿ ಹತ್ತಾರು ಅಧಿಸೂಚನೆಗಳು ಮಂಡನೆಯಾಗಿರುತ್ತವೆ, ಪ್ರತಿಯೊಂದಕ್ಕೂ ಹಿಂದಿ ಮತ್ತು ಇಂಗ್ಲಿಷ್ ಪ್ರತಿ, ಜೊತೆಗೊಂದು ವಿವರಣಾ ಟಿಪ್ಪಣಿ. ಚರ್ಚೆ ಬೇಕೆಂದರೆ ಸದಸ್ಯರೊಬ್ಬರು ಪ್ರತ್ಯೇಕ ನೋಟಿಸ್ ಕೊಟ್ಟು ತಿದ್ದುಪಡಿ ನಿರ್ಣಯ ತರಬೇಕು. ಅದೇ ಹೊತ್ತಿಗೆ ಶೂನ್ಯವೇಳೆಯ ಗದ್ದಲ ಶುರುವಾಗಿರುತ್ತದೆ.

ಇನ್ನು ದಿನಗಳ ಲೆಕ್ಕ. 2025ರ ಚಳಿಗಾಲದ ಅಧಿವೇಶನ ನಡೆದದ್ದು ಡಿಸೆಂಬರ್ 1ರಿಂದ 19ರವರೆಗೆ. ಆಗಸ್ಟ್ 28ರ ಅಧಿಸೂಚನೆ ಸದನದ ಮುಂದೆ ಬರಲು ಸಾಧ್ಯವಿದ್ದ ಮೊದಲ ದಿನ ಡಿಸೆಂಬರ್ 1. ಅಲ್ಲಿಂದ ಮೂವತ್ತು ದಿನ ಎಣಿಸಿದರೆ ಆ ಅಧಿವೇಶನದಲ್ಲಿ ಅವು ಮುಗಿಯುವುದೇ ಇಲ್ಲ. ಉಳಿದ ದಿನಗಳು ಬಜೆಟ್ ಅಧಿವೇಶನಕ್ಕೆ ದಾಟುತ್ತವೆ. ವಿನಾಯಿತಿ ಮಾತ್ರ ಡಿಸೆಂಬರ್ 31ಕ್ಕೇ ಆಯುಷ್ಯ ಮುಗಿಸಿತ್ತು. ಅಂದರೆ, ಅಲ್ಪಾವಧಿಯ ಸುಂಕ ವಿನಾಯಿತಿಯ ವಿಷಯದಲ್ಲಿ 159ನೇ ಸೆಕ್ಷನ್ನಿನ ರಕ್ಷಣೆ ಕೈಗೆ ಸಿಗುವುದು ವಿನಾಯಿತಿ ತನ್ನ ಕೆಲಸ ಮುಗಿಸಿದ ಮೇಲೆ. ಇಲ್ಲಿ ಯಾರೂ ನಿಯಮ ಮುರಿದಿಲ್ಲ. ನಿಯಮವೇ ಬೆಳೆಯ ಕಾಲಕ್ಕೆ ಹೊಂದುವಂತಿಲ್ಲ.

ಗೋವಿನಜೋಳದ ಕತೆ ಇನ್ನಷ್ಟು ಸಿಕ್ಕು. ಅರೆಮಲೆನಾಡಿನ ಸೆರಗಿನಲ್ಲಿರುವ ತಿಳವಳ್ಳಿಯಿಂದ ಹಿಡಿದು ಹಿರೇಕೆರೂರು, ಶಿಗ್ಗಾವಿಯವರೆಗೆ ಕಳೆದ ಕೆಲವು ದಶಕಗಳಲ್ಲಿ ಹಬ್ಬಿದ ಬೆಳೆ ಇದು. 2025ರ ನವೆಂಬರಿನಲ್ಲಿ ಬೆಂಬಲ ಬೆಲೆ ಕ್ವಿಂಟಲಿಗೆ 2400 ರೂಪಾಯಿ ಇದ್ದಾಗ ಪೇಟೆಯ ದರ 1600ರಿಂದ 1800ರ ಆಸುಪಾಸಿಗೆ ಇಳಿಯಿತು. ಹಾವೇರಿ, ಗದಗ ಜಿಲ್ಲೆಗಳಲ್ಲಿ ರೈತರು ಬೀದಿಗಿಳಿದರು. ಮುಖ್ಯಮಂತ್ರಿ ಸಿದ್ದರಾಮಯ್ಯ ಪ್ರಧಾನಿಗೆ ಪತ್ರ ಬರೆದರು. ಆಮದು ಎಷ್ಟು, ಹೊಣೆ ಯಾರದು ಎಂಬ ಬಗ್ಗೆ ಕೇಂದ್ರ ಆಹಾರ ಸಚಿವ ಪ್ರಲ್ಹಾದ ಜೋಶಿ ಅವರೊಂದಿಗೆ ಬಹಿರಂಗ ವಾದವೇ ನಡೆಯಿತು.

ಈ ದರ ಕುಸಿತಕ್ಕೆ ಒಂದೇ ಕಾರಣ ಹೇಳಿದರೆ ತಪ್ಪಾಗುತ್ತದೆ, ಒಳ್ಳೆಯ ಫಸಲೂ ಒಂದು ಕಾರಣ. ಆದರೆ ಪೇಟೆಯ ಮೇಲೆ ಒತ್ತಡ ತರಬಲ್ಲ ಸರ್ಕಾರಿ ನಿರ್ಧಾರಗಳು ಹಿಂದಿನ ಹದಿನೆಂಟು ತಿಂಗಳಲ್ಲಿ ಬೇರೆ ಬೇರೆ ಕಡೆಯಿಂದ ಬಂದಿದ್ದವು. 2024ರ ಜೂನ್ 26ರಂದು, ಹದಿನೆಂಟನೇ ಲೋಕಸಭೆ ತನ್ನ ಸ್ಪೀಕರ್ ಆಯ್ಕೆ ಮಾಡಿಕೊಂಡ ದಿನವೇ, ಸುಮಾರು 5 ಲಕ್ಷ ಟನ್ ಗೋವಿನಜೋಳವನ್ನು ಶೇ 15ರ ರಿಯಾಯಿತಿ ಸುಂಕದಲ್ಲಿ ತರಿಸಿಕೊಳ್ಳಲು ಕೋಟಾ ಪ್ರಕಟವಾಯಿತು. 2025ರ ಜನವರಿಯಲ್ಲಿ ಎಥೆನಾಲ್ ಕಾರ್ಖಾನೆಗಳಿಗೆ ಆಹಾರ ನಿಗಮ ಕೊಡುವ ಅಕ್ಕಿಯ ದರವನ್ನು ಕ್ವಿಂಟಲಿಗೆ 2800ರಿಂದ 2250 ರೂಪಾಯಿಗೆ ಇಳಿಸಲಾಯಿತು. ಎಥೆನಾಲ್‌ಗೆ ಗೋವಿನಜೋಳ ಅತಿ ಮುಖ್ಯ ಕಚ್ಚಾವಸ್ತುವಾಗಿ ಬೆಳೆದಿದ್ದ ಹೊತ್ತಿನಲ್ಲಿ, ಅದರ ಎದುರಾಳಿಯಾದ ಅಕ್ಕಿ ಹೀಗೆ ಅಗ್ಗವಾಯಿತು. ಕೋಟಾ ವಾಣಿಜ್ಯ ಸಚಿವಾಲಯದ್ದು, ಅಕ್ಕಿ ಆಹಾರ ಸಚಿವಾಲಯದ್ದು, ಎಥೆನಾಲ್ ಖರೀದಿ ಪೆಟ್ರೋಲಿಯಂ ಸಚಿವಾಲಯದ್ದು, ಬೆಂಬಲ ಬೆಲೆ ಕೃಷಿ ಸಚಿವಾಲಯದ್ದು. ಸಂಸತ್ತಿನ ಇಲಾಖಾ ಸ್ಥಾಯಿ ಸಮಿತಿಗಳೂ ಹಾಗೆಯೇ ಹಂಚಿಹೋಗಿವೆ. ಒಂದು ಚೀಲ ಗೋವಿನಜೋಳದ ಪೂರ್ತಿ ಲೆಕ್ಕ ಕೇಳುವ ಸಮಿತಿ ಯಾವುದೂ ಇಲ್ಲ.

ಪ್ರಾತಿನಿಧ್ಯದ ತೊಡಕೂ ಇದೆ. ಹಾನಗಲ್ಲು ಮತ್ತು ಹಿರೇಕೆರೂರು ಹಾವೇರಿ ಲೋಕಸಭಾ ಕ್ಷೇತ್ರಕ್ಕೆ ಸೇರಿವೆ, 2024ರಿಂದ ಅಲ್ಲಿನ ಸಂಸದರು ಮಾಜಿ ಮುಖ್ಯಮಂತ್ರಿ ಬಸವರಾಜ ಬೊಮ್ಮಾಯಿ. ಸವಣೂರನ್ನು ಒಳಗೊಂಡ ಶಿಗ್ಗಾವಿ ವಿಧಾನಸಭಾ ಕ್ಷೇತ್ರ ಮಾತ್ರ ಧಾರವಾಡ ಲೋಕಸಭಾ ಕ್ಷೇತ್ರದಲ್ಲಿದೆ. ಅಲ್ಲಿನ ಸಂಸದರು ಪ್ರಲ್ಹಾದ ಜೋಶಿ, ಅಂದರೆ ಆಹಾರ ಸಚಿವರೇ. ಸಚಿವರಾದವರು ಸದನದಲ್ಲಿ ಪ್ರಶ್ನೆ ಕೇಳುವವರ ಸಾಲಿನಲ್ಲಿ ಇರುವುದಿಲ್ಲ, ಉತ್ತರಿಸುವವರ ಸಾಲಿನಲ್ಲಿರುತ್ತಾರೆ. ಸ್ಥಾಯಿ ಸಮಿತಿಯಲ್ಲಿಯೂ ಅವರಿಗೆ ಸದಸ್ಯತ್ವವಿಲ್ಲ. ಸಚಿವ ಸ್ಥಾನದಿಂದ ಕ್ಷೇತ್ರಕ್ಕೆ ಬೇರೆ ಲಾಭಗಳಿರಬಹುದು. ಆದರೂ ಒಂದೇ ಜಿಲ್ಲೆಯ, ಒಂದೇ ಬೆಳೆಯ ರೈತರಲ್ಲಿ ಒಂದು ಪಾಲಿನವರಿಗೆ ಲೋಕಸಭೆಯಲ್ಲಿ ಲಿಖಿತ ಪ್ರಶ್ನೆ ಕೇಳಬಲ್ಲ ಸ್ವಂತ ಸಂಸದರಿಲ್ಲ.

ಸಂಸತ್ತು ಇಂಥ ವಿಷಯಗಳಲ್ಲಿ ಯಾವಾಗಲೂ ಕೈಕಟ್ಟಿ ಕೂತಿತ್ತೆಂದಲ್ಲ. 1993ರಲ್ಲಿ ಇಲಾಖಾವಾರು ಸ್ಥಾಯಿ ಸಮಿತಿಗಳು ಹುಟ್ಟಿದ ವರ್ಷವೇ ಇಂದ್ರಕುಮಾರ್ ಗುಜ್ರಾಲ್ ಅಧ್ಯಕ್ಷತೆಯ ವಾಣಿಜ್ಯ ಸಮಿತಿ, ವಿಶ್ವ ವ್ಯಾಪಾರ ಒಪ್ಪಂದದ ಕರಡಾಗಿದ್ದ ಡಂಕೆಲ್ ಪ್ರಸ್ತಾವಗಳನ್ನು ಕೈಗೆತ್ತಿಕೊಂಡು ವರದಿ ಕೊಟ್ಟಿತು. ಅದೇ ವರ್ಷ ಎಂ.ಡಿ. ನಂಜುಂಡಸ್ವಾಮಿ ನೇತೃತ್ವದ ಕರ್ನಾಟಕ ರಾಜ್ಯ ರೈತ ಸಂಘ ಬೀಜದ ಹಕ್ಕಿಗಾಗಿ ಬೆಂಗಳೂರಿನಲ್ಲಿ ಲಕ್ಷಾಂತರ ರೈತರನ್ನು ಸೇರಿಸಿತ್ತು. ಸಮಿತಿಯ ವರದಿಗೆ ಸರ್ಕಾರವನ್ನು ಕಟ್ಟಿಹಾಕುವ ಬಲ ಇರಲಿಲ್ಲ. 1995ರ ಜನವರಿ 1ರಿಂದ ಭಾರತ ವಿಶ್ವ ವ್ಯಾಪಾರ ಸಂಸ್ಥೆಯ ಸದಸ್ಯನಾಯಿತು. ಆದರೆ ಎದ್ದ ಪ್ರಶ್ನೆಗಳು ಸತ್ತುಹೋಗಲಿಲ್ಲ. ಸಸ್ಯ ತಳಿ ಸಂರಕ್ಷಣೆಯ ಮಸೂದೆ 1999ರಲ್ಲಿ ಬಂದಾಗ ಅದನ್ನು ಜಂಟಿ ಸಂಸದೀಯ ಸಮಿತಿಗೆ ಒಪ್ಪಿಸಲಾಯಿತು. ಸಮಿತಿ ಊರೂರು ತಿರುಗಿ ಅಹವಾಲು ಕೇಳಿತು. ಮಸೂದೆಯಲ್ಲಿ ತೆಳ್ಳಗಿದ್ದ ರೈತರ ಹಕ್ಕಿನ ಭಾಗ ಅಲ್ಲಿಂದ ಹೊರಬರುವಾಗ ಒಂದು ಅಧ್ಯಾಯವೇ ಆಗಿತ್ತು. 2001ರ ಕಾಯ್ದೆಯ 39ನೇ ಸೆಕ್ಷನ್ ಬೀಜ ಉಳಿಸಿಕೊಳ್ಳುವ, ಮತ್ತೆ ಬಿತ್ತುವ, ಹಂಚಿಕೊಳ್ಳುವ, ಬ್ರ್ಯಾಂಡ್ ಹಾಕದೆ ಮಾರುವ ಹಕ್ಕನ್ನು ರೈತನಿಗೆ ಕೊಡುತ್ತದೆ. ರಾಣೆಬೆನ್ನೂರು, ಹಾವೇರಿ ಸುತ್ತ ಬೀಜೋತ್ಪಾದನೆಯೇ ದೊಡ್ಡ ಕಸುಬಾಗಿರುವಾಗ ಆ ಸಮಿತಿ ತೆಗೆದುಕೊಂಡ ಸಮಯದ ಬೆಲೆ ಏನೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಸಮಯ ಕೊಡದಿದ್ದರೆ ಏನಾಗುತ್ತದೆ ಎಂಬುದಕ್ಕೆ 2020 ಇದೆ. ಜೂನ್ 5ರಂದು ಕೃಷಿ ಸುಗ್ರೀವಾಜ್ಞೆಗಳು ಬಂದವು. ಸೆಪ್ಟೆಂಬರಿನ ಅಧಿವೇಶನದಲ್ಲಿ ಕೋವಿಡ್ ಕಾರಣ ಕೊಟ್ಟು ಪ್ರಶ್ನೋತ್ತರ ವೇಳೆಯನ್ನೇ ಕೈಬಿಡಲಾಗಿತ್ತು. ಸೆಪ್ಟೆಂಬರ್ 20ರಂದು ರಾಜ್ಯಸಭೆಯಲ್ಲಿ ಅವುಗಳ ಜಾಗಕ್ಕೆ ಬಂದ ಮಸೂದೆಗಳನ್ನು ಪರಿಶೀಲನಾ ಸಮಿತಿಗೆ ಕಳಿಸಬೇಕೆಂಬ ಬೇಡಿಕೆ ಬಿತ್ತು, ಮತ ವಿಭಜನೆಯ ಬೇಡಿಕೆಗೆ ಮನ್ನಣೆ ಸಿಗಲಿಲ್ಲ, ಗದ್ದಲದ ನಡುವೆ ಧ್ವನಿಮತದಿಂದ ಎರಡು ಮಸೂದೆಗಳು ಅಂಗೀಕಾರವಾದವು. 2021ರ ನವೆಂಬರ್ 29ರಂದು ಆ ಕೃಷಿ ಕಾಯ್ದೆಗಳನ್ನು ಹಿಂಪಡೆಯುವ ಮಸೂದೆಯೂ ಲೋಕಸಭೆಯಲ್ಲಿ ಚರ್ಚೆಯಿಲ್ಲದೆ ನಿಮಿಷಗಳಲ್ಲಿ ಮುಗಿಯಿತು. ಕಾಯ್ದೆ ಒಳ್ಳೆಯದೆಂದವರಿಗೂ ಕೆಟ್ಟದ್ದೆಂದವರಿಗೂ ಸದನದಲ್ಲಿ ಅದರ ಬಾಬ್ತುವಾರು ಪರೀಕ್ಷೆ ಸಿಗಲಿಲ್ಲ.

ಮಾರುಕಟ್ಟೆ ಪ್ರಾಂಗಣದ ಹೊರಗಿನ ವ್ಯಾಪಾರದ ಇದೇ ವಿಷಯ ಕರ್ನಾಟಕದಲ್ಲಿ ಬೇರೆ ದಾರಿ ಹಿಡಿದದ್ದು ಗಮನಾರ್ಹ. ರಾಜ್ಯ ಸರ್ಕಾರ 2020ರ ಮೇ ತಿಂಗಳಲ್ಲಿ, ಕೇಂದ್ರಕ್ಕಿಂತ ಮೊದಲೇ, ಸುಗ್ರೀವಾಜ್ಞೆಯ ಮೂಲಕ 1966ರ ಕೃಷಿ ಉತ್ಪನ್ನ ಮಾರುಕಟ್ಟೆ (ಎಪಿಎಂಸಿ) ಕಾಯ್ದೆ ತಿದ್ದಿತ್ತು. ಪ್ರಾಂಗಣದ ಹೊರಗಿನ ವಹಿವಾಟಿನ ಮೇಲೆ ಮಾರುಕಟ್ಟೆ ಸಮಿತಿಗೆ ಹಿಡಿತ ತಪ್ಪಿತು. ಕೇಂದ್ರದ ಕಾಯ್ದೆಗಳು ಹೋದರೂ ರಾಜ್ಯದ ತಿದ್ದುಪಡಿ ಉಳಿಯಿತು. ಹೊಸ ಸರ್ಕಾರ 2023ರ ಜುಲೈನಲ್ಲಿ ಅದನ್ನು ಹಿಂತೆಗೆಯುವ ಮಸೂದೆ ತಂದಾಗ ವಿಧಾನಸಭೆ ಒಪ್ಪಿತು. ವಿಧಾನ ಪರಿಷತ್ತಿನಲ್ಲಿ ವಿರೋಧ ಪಕ್ಷಗಳ ಸಂಖ್ಯೆ ಹೆಚ್ಚಿತ್ತು, ಅಲ್ಲಿ ಮಸೂದೆ ಪರಿಶೀಲನಾ ಸಮಿತಿಗೆ ಹೋಯಿತು. ಆಳುವ ಪಕ್ಷ ಅದನ್ನು ಅಡ್ಡಗಾಲು ಎಂದು ಕಂಡಿರಬಹುದು. ಆದರೆ ಹಮಾಲರು, ಅಡತಿ ಅಂಗಡಿಯವರು, ಬೆಳೆಗಾರರು, ಮಾರುಕಟ್ಟೆ ಸಮಿತಿ ಎಲ್ಲರ ಹಿತ ಹೆಣೆದುಕೊಂಡ ಕಾಯ್ದೆಗೆ ರಾಜ್ಯಸಭೆ ಕೊಡದ ಬಿಡುವನ್ನು ಬೆಂಗಳೂರಿನ ಮೇಲ್ಮನೆ ಕೊಟ್ಟಿತು.

ಕೇಳುವ ಜಾಗ ಇಲ್ಲದಾಗ ಸಿಟ್ಟು ಬೇರೆ ಕಡೆ ಒಡೆಯುತ್ತದೆ. 2008ರ ಜೂನ್ 10ರಂದು ಹಾವೇರಿಯಲ್ಲಿ ಗೊಬ್ಬರಕ್ಕಾಗಿ ನಿಂತ ರೈತರ ಮೇಲೆ ಗೋಲಿಬಾರ್ ಆಗಿ ಇಬ್ಬರು ಪ್ರಾಣ ಕಳೆದುಕೊಂಡರು. 2024ರ ಮಾರ್ಚ್ 11ರಂದು ಮೆಣಸಿನಕಾಯಿ ದರ ಕುಸಿದಾಗ ಬ್ಯಾಡಗಿ ಎಪಿಎಂಸಿ ಆವರಣದಲ್ಲಿ ವಾಹನಗಳಿಗೆ ಬೆಂಕಿ ಬಿತ್ತು.

ಅಧಿಸೂಚನೆಗಳಂತೆ ವ್ಯಾಪಾರ ಒಪ್ಪಂದಗಳ ವಿಷಯದಲ್ಲೂ ಸದನಕ್ಕೆ ಕೇಳುವ ಜಾಗ ಬೇಕು. ಬ್ರಿಟನ್ನಿನಲ್ಲಿ 2010ರ ಕಾನೂನಿನಂತೆ ಅಂತರರಾಷ್ಟ್ರೀಯ ಒಪ್ಪಂದವೊಂದು ಸ್ಥಿರೀಕರಣವಾಗುವ ಮೊದಲು 21 ಕಲಾಪ ದಿನ ಸಂಸತ್ತಿನ ಮುಂದೆ ಇರಬೇಕು. 2025ರ ಜುಲೈ 24ರಂದು ಸಹಿಯಾದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದಕ್ಕೂ ಅಲ್ಲಿ ಅದೇ ನಿಯಮ. ಇಲ್ಲಿ ಅಂಥ ಕಾನೂನಿಲ್ಲ. ಕನ್ನಡಿಗರೇ ಆದ ನ್ಯಾಯಮೂರ್ತಿ ಎಂ.ಎನ್. ವೆಂಕಟಾಚಲಯ್ಯ ಅಧ್ಯಕ್ಷತೆಯ ಸಂವಿಧಾನ ಪುನರ್ವಿಮರ್ಶಾ ಆಯೋಗ, ಒಪ್ಪಂದ ಮಾಡಿಕೊಳ್ಳುವ ಅಧಿಕಾರಕ್ಕೆ ಸಂಸತ್ತು ಕಾನೂನಿನ ಚೌಕಟ್ಟು ಹಾಕಬೇಕೆಂದು 2002ರಲ್ಲೇ ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿದಿದೆ.

ಅಷ್ಟು ದೊಡ್ಡ ಬದಲಾವಣೆಗೆ ಕಾಯದೆಯೂ ಮಾಡಬಹುದಾದದ್ದಿದೆ. ಸ್ಥಾಯಿ ಸಮಿತಿಗಳು ಅಧಿವೇಶನ ಇಲ್ಲದ ದಿನಗಳಲ್ಲಿಯೂ ಸಭೆ ಸೇರುತ್ತವೆ. ಆಗಸ್ಟ್ ಕೊನೆಯಲ್ಲಿ ಹೊರಬಿದ್ದ ಹತ್ತಿಯ ಅಧಿಸೂಚನೆಯನ್ನು ವಾಣಿಜ್ಯ ಸಮಿತಿ ಸೆಪ್ಟೆಂಬರಿನಲ್ಲೇ ತರಿಸಿಕೊಂಡು, ಗಿರಣಿಯವರನ್ನೂ ಬೆಳೆಗಾರರನ್ನೂ ಎದುರುಬದುರು ಕೂರಿಸಿ ಕೇಳಬಹುದು; ವರ್ಷದ ಅವಧಿ ಮುಗಿದ ಸಮಿತಿಗಳ ಮರುರಚನೆ ಅದೇ ತಿಂಗಳಿಗೆ ಬೀಳದಂತೆ ನೋಡಿಕೊಂಡರೆ ಸಾಕು. ಗೋವಿನಜೋಳದಂಥ ಬೆಳೆಗೆ ನಾಲ್ಕು ಸಮಿತಿಗಳಿಂದ ಆಯ್ದ ಸದಸ್ಯರ ಒಂದು ಉಪಸಮಿತಿ ಸಾಧ್ಯ. ಈಗ ಸಮಿತಿಗಳು ಸಾರ್ವಜನಿಕರ ಅಭಿಪ್ರಾಯ ಕೋರಿ ಹೊರಡಿಸುವ ಪ್ರಕಟಣೆಗಳು ಮನವಿಯನ್ನು ಹಿಂದಿ ಅಥವಾ ಇಂಗ್ಲಿಷಿನಲ್ಲಿ ಕಳಿಸಿ ಎನ್ನುತ್ತವೆ. ಆ ಪ್ರಕಟಣೆ ಕನ್ನಡದಲ್ಲಿ ಹಾನಗಲ್ಲಿನ ಎಪಿಎಂಸಿ ಕಚೇರಿಯ, ತಿಳವಳ್ಳಿಯ ಗ್ರಾಮ ಪಂಚಾಯಿತಿಯ ಫಲಕಕ್ಕೆ ಬರಬೇಕು, ಕನ್ನಡದಲ್ಲೇ ಬರೆದ ಮನವಿಯನ್ನು ಸಮಿತಿಯ ಸಚಿವಾಲಯ ಅನುವಾದಿಸಿಕೊಂಡು ದಾಖಲೆಗೆ ಸೇರಿಸಿಕೊಳ್ಳಬೇಕು. ಇದಕ್ಕೆ ಸಂವಿಧಾನದ ತಿದ್ದುಪಡಿ ಬೇಕಿಲ್ಲ, ಸಮಿತಿಯ ಅಧ್ಯಕ್ಷರ ಒಂದು ಸೂಚನೆ ಸಾಕಾಗುತ್ತದೆ.