ದಾದಿಯರ ಸನದು: ವಿದ್ಯೆ ದಾಟಿದ ಗಡಿಯನ್ನು ಮೊಹರು ದಾಟಲಿಲ್ಲ

ಚನ್ನಗಿರಿ ತಾಲೂಕಿನ ಬಸವಾಪಟ್ಟಣವನ್ನು ಇಂದು ನೋಡುವವರಿಗೆ ಅದೊಂದು ಸಾಧಾರಣ ಊರು. ಆದರೆ 1687ರಲ್ಲಿ ಮೊಗಲರು ಸಿರಾ ಪ್ರಾಂತ್ಯವನ್ನು ರಚಿಸಿದಾಗ ಅದರ ಏಳು ಪರಗಣಗಳಲ್ಲಿ ಬಸವಾಪಟ್ಟಣವೂ ಒಂದಾಗಿತ್ತು. ಬೂದಿಹಾಳು, ಸಿರಾ, ಪೆನುಕೊಂಡೆ, ದೊಡ್ಡಬಳ್ಳಾಪುರ, ಹೊಸಕೋಟೆ ಮತ್ತು ಕೋಲಾರ ಉಳಿದ ಆರು. ಅದಕ್ಕೂ ಹಿಂದೆ ಈ ಊರು ನಾಯಕರ ಆಳ್ವಿಕೆಯನ್ನೂ ಬಿಜಾಪುರದ ಆದಿಲ್‌ಶಾಹಿಗಳ ಆಳ್ವಿಕೆಯನ್ನೂ ಕಂಡಿತ್ತು. ಆಳುವವರು ಬದಲಾದಾಗ ಹಿಂದಿನವರು ಕೊಟ್ಟ ಸನದುಗಳನ್ನು ಹೊಸ ದರಬಾರಿಗೆ ಒಯ್ದು ಹೊಸ ಮೊಹರು ಹಾಕಿಸಿಕೊಳ್ಳುವುದು ಆ ಕಾಲದ ರೂಢಿ. ಜಮೀನು ಅದೇ, ಉಳುವವನು ಅವನೇ, ಮೊಹರು ಮಾತ್ರ ಬೇರೆ.

ಮೂರು ಶತಮಾನಗಳು ಕಳೆದರೂ ಈ ಮೊಹರಿನ ಸಮಸ್ಯೆ ಮುಗಿದಿಲ್ಲ. ದಾವಣಗೆರೆಯಲ್ಲೋ ಮಂಗಳೂರಿನಲ್ಲೋ ನರ್ಸಿಂಗ್ ಓದಿ, ಆಮೇಲೆ ಮನೋರೋಗ ಶುಶ್ರೂಷೆಯಲ್ಲೋ ತುರ್ತು ಚಿಕಿತ್ಸೆಯಲ್ಲೋ ವಿಶೇಷ ತರಬೇತಿ ಪಡೆದ ಹೆಣ್ಣುಮಗಳು ರಿಯಾದ್‌ಗೆ ಅಥವಾ ಲಂಡನ್‌ಗೆ ಹೊರಟಾಗ ಅವಳ ಕೈಯ ಕೌಶಲ ಅವಳ ಜೊತೆಗೇ ವಿಮಾನ ಹತ್ತುತ್ತದೆ. ಅವಳ ಸರ್ಟಿಫಿಕೇಟಿನ ಬೆಲೆ ಮಾತ್ರ ಹಾಗೆ ಹತ್ತುವುದಿಲ್ಲ. ಹೀಗೇಕೆ ಎಂಬುದನ್ನು ತಿಳಿಯಬೇಕಾದರೆ ದಾದಿಯರ ನೋಂದಣಿಯ ಚರಿತ್ರೆಯನ್ನು ಸ್ವಲ್ಪ ಹಿಂದಕ್ಕೆ ಹೋಗಿ ನೋಡಬೇಕು.

ಬಗ್ದಾದಿನ ಪರೀಕ್ಷೆ

ಇಸ್ಲಾಮೀ ಚರಿತ್ರೆಯಲ್ಲಿ ಶುಶ್ರೂಷೆಯ ಮಾತು ಬಂದಾಗ ಮೊದಲು ನೆನಪಾಗುವ ಹೆಸರು ರುಫೈದಾ ಅಲ್ ಅಸ್ಲಮಿಯ್ಯಾ ಅವರದು. ಕಂದಕ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್ (ರ) ಅವರನ್ನು ಪ್ರವಾದಿ ಮುಹಮ್ಮದ್ (ಸ) ಅವರು ಮದೀನಾದ ಮಸೀದಿಯ ಬಳಿ ಇದ್ದ ರುಫೈದಾರ ಡೇರೆಗೆ ಕಳುಹಿಸಿದರೆಂದು ಚರಿತ್ರೆಕಾರರು ದಾಖಲಿಸಿದ್ದಾರೆ. ಅಂದು ಅವರ ಬಳಿ ಯಾವ ಪರಿಷತ್ತಿನ ಪ್ರಮಾಣಪತ್ರವೂ ಇರಲಿಲ್ಲ. ಊರಿನವರೆಲ್ಲ ಒಬ್ಬರನ್ನೊಬ್ಬರು ಬಲ್ಲ ಸಮಾಜದಲ್ಲಿ ಅದರ ಅಗತ್ಯವೂ ಇರಲಿಲ್ಲ. ಅವರ ಕೆಲಸವೇ ಅವರ ಸಾಕ್ಷಿಯಾಗಿತ್ತು.

ನಗರ ಬೆಳೆದು ಅಪರಿಚಿತರು ಹೆಚ್ಚಾದಾಗ ಆ ಸಾಕ್ಷಿ ಸಾಲದಾಯಿತು. ಕ್ರಿ.ಶ. 931ರಲ್ಲಿ ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದ ರೋಗಿ ಸತ್ತ ಸುದ್ದಿ ಖಲೀಫ ಅಲ್ ಮುಕ್ತದಿರ್‌ಗೆ ತಲುಪಿತು. ಸಿನಾನ್ ಬಿನ್ ಸಾಬಿತ್‌ರಿಂದ ಪರೀಕ್ಷೆಗೊಳಗಾಗಿ ಅನುಮತಿ ಪಡೆಯದ ಯಾರೂ ವೈದ್ಯವೃತ್ತಿ ಮಾಡಕೂಡದೆಂದು ಆತ ಆಜ್ಞೆ ಮಾಡಿದ. ಎಂಟುನೂರ ಅರವತ್ತಕ್ಕೂ ಹೆಚ್ಚು ಮಂದಿ ಪರೀಕ್ಷೆಗೆ ಬಂದರಂತೆ. ಅವರಲ್ಲೊಬ್ಬ ಗಂಭೀರ ಮುಖಭಾವದ ವೃದ್ಧ. ತನಗೆ ಓದುಬರಹ ಬಾರದೆಂದೂ ಕುಟುಂಬವನ್ನು ಸಾಕಲು ಇದೊಂದೇ ದಾರಿಯೆಂದೂ ಆತ ಒಪ್ಪಿಕೊಂಡ. ಸಿನಾನ್ ಅವನನ್ನು ಹೊರಗಟ್ಟಲಿಲ್ಲ. ತಿಳಿಯದ ರೋಗಕ್ಕೆ ಕೈಹಾಕಬಾರದು, ರಕ್ತ ತೆಗೆಯುವುದು, ಭೇದಿಯ ಮದ್ದು ಕೊಡುವುದು ಮುಂತಾದ ಅಪಾಯದ ಚಿಕಿತ್ಸೆಗೆ ಹೋಗಬಾರದು ಎಂಬ ಷರತ್ತಿನ ಮೇಲೆ ಸರಳ ಪಾನಕಗಳನ್ನು ಕೊಡಲು ಬಿಟ್ಟರು.

ಈ ಕಥೆಯಲ್ಲಿ ಗಮನಿಸಬೇಕಾದ ಸಂಗತಿ ಎರಡು. ಒಂದು, ರೋಗಿಯ ಪ್ರಾಣ ಒಂದು ಅಮಾನತ್ತು. ಅದನ್ನು ಒಪ್ಪಿಸಿಕೊಳ್ಳುವವರ ಯೋಗ್ಯತೆಯನ್ನು ಕೇಳುವುದು ಸಮಾಜದ ಹಕ್ಕು. ಎರಡು, ಪರೀಕ್ಷೆಯ ಉದ್ದೇಶ ಮನುಷ್ಯನನ್ನು ಅವಮಾನಿಸುವುದಲ್ಲ. ಅವನಿಗೆ ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಗುರುತಿಸಿ ಅದಕ್ಕೆ ತಕ್ಕ ಜಾಗ ಕೊಡುವುದು. ಮುಂದಿನ ಚರಿತ್ರೆಯಲ್ಲಿ ಮೊದಲನೆಯದು ಉಳಿಯಿತು, ಎರಡನೆಯದು ಹಲವು ಸಲ ಮರೆತುಹೋಯಿತು.

ಸಾಮ್ರಾಜ್ಯದ ರಿಜಿಸ್ಟರು

ದಾದಿಯರ ನೋಂದಣಿಗೆಂದೇ ಪ್ರತ್ಯೇಕ ಕಾನೂನು ಮಾಡಿದ ಮೊದಲ ದೇಶ ನ್ಯೂಜಿಲೆಂಡ್. ಅದು 1901ರಲ್ಲಿ. ಬ್ರಿಟನ್ನಿನಲ್ಲಿ ದೀರ್ಘ ಹೋರಾಟದ ಬಳಿಕ 1919ರಲ್ಲಿ ಕಾನೂನು ಬಂತು. 1921ರಲ್ಲಿ ತೆರೆದ ರಿಜಿಸ್ಟರಿನಲ್ಲಿ ಮೊದಲ ಹೆಸರು ಆ ಹೋರಾಟದ ನಾಯಕಿ ಎಥೆಲ್ ಬೆಡ್‌ಫರ್ಡ್ ಫೆನ್ವಿಕ್ ಅವರದು. ಈ ರಿಜಿಸ್ಟರು ಒಂದೇ ಪಟ್ಟಿಯಾಗಿರಲಿಲ್ಲ. ಸಾಮಾನ್ಯ ದಾದಿಯರಿಗೆ ಒಂದು ಭಾಗ, ಮನೋರೋಗ ದಾದಿಯರಿಗೆ, ಮಕ್ಕಳ ದಾದಿಯರಿಗೆ, ಸಾಂಕ್ರಾಮಿಕ ಜ್ವರದ ದಾದಿಯರಿಗೆ, ಪುರುಷ ದಾದಿಗಳಿಗೆ ಬೇರೆ ಬೇರೆ ಭಾಗಗಳು. ವಿಶೇಷ ವಿದ್ಯೆಗೆ ಪ್ರತ್ಯೇಕ ಮೊಹರು ಎಂಬ ಪದ್ಧತಿ ಅಲ್ಲಿ ಅಂದೇ ಬೇರೂರಿತು.

ಆ ಮೊಹರಿನ ಜಗಳ ಬ್ರಿಟನ್ನಿನ ಒಳಗೇ ಇತ್ತೆಂಬುದು ಕುತೂಹಲದ ಸಂಗತಿ. ಮಾನಸಿಕ ಆಸ್ಪತ್ರೆಗಳ ವೈದ್ಯರ ಸಂಘ 1891ರಿಂದಲೇ ಮನೋರೋಗ ದಾದಿಯರಿಗೆ ಪರೀಕ್ಷೆ ನಡೆಸಿ ಪ್ರಮಾಣಪತ್ರ ಕೊಡುತ್ತಿತ್ತು. ನರ್ಸಿಂಗ್ ಕೌನ್ಸಿಲ್ ಬಂದ ಮೇಲೆ ತನ್ನದೇ ಪರೀಕ್ಷೆ ಆರಂಭಿಸಿತು. ಯಾರ ಪ್ರಮಾಣಪತ್ರ ನಿಜವಾದದ್ದು ಎಂಬ ತಕರಾರು 1951ರಲ್ಲಿ ಹಳೆಯ ಪರೀಕ್ಷೆ ನಿಲ್ಲುವವರೆಗೂ ಎಳೆಯಿತು. ಒಂದೇ ದೇಶದ, ಒಂದೇ ಭಾಷೆಯ, ಒಂದೇ ವಾರ್ಡಿನ ದಾದಿಯರಿಗೇ ಹೀಗಾದರೆ ಸಮುದ್ರ ದಾಟಿ ಬಂದವರ ಗತಿ ಏನೆಂದು ಊಹಿಸಬಹುದು.

ಭಾರತದಲ್ಲಿ ದಾದಿಯರು 1908ರಲ್ಲೇ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಕಟ್ಟಿಕೊಂಡಿದ್ದರು. ಮದ್ರಾಸ್ ಪ್ರಾಂತ್ಯ 1926ರಲ್ಲಿ ನೋಂದಣಿ ಕಾನೂನು ಮಾಡಿತು. ಉಳಿದ ಪ್ರಾಂತ್ಯಗಳು ಒಂದೊಂದಾಗಿ ಹಿಂಬಾಲಿಸಿದವು. ಇದರಿಂದ ವಿಚಿತ್ರ ಪರಿಸ್ಥಿತಿ ಹುಟ್ಟಿತು. ಭಾರತದ ದಾದಿ ಎಂಬ ಒಂದು ಗುರುತು ಇರಲಿಲ್ಲ. ಮದ್ರಾಸಿನ ದಾದಿ, ಬೊಂಬಾಯಿಯ ದಾದಿ, ಮೈಸೂರು ಸಂಸ್ಥಾನದ ದಾದಿ ಎಂದು ಬೇರೆ ಬೇರೆ. ಭಾರತದ ಆರೋಗ್ಯ ಸ್ಥಿತಿಯನ್ನು ಪರಿಶೀಲಿಸಿದ ಭೋರ್ ಸಮಿತಿ 1946ರಲ್ಲಿ ವರದಿ ಕೊಟ್ಟಾಗ ದೇಶದಲ್ಲಿ 43 ಸಾವಿರ ಜನರಿಗೆ ಒಬ್ಬ ದಾದಿ ಇದ್ದರು. ಅದೇ ವರ್ಷ ದಿಲ್ಲಿಯಲ್ಲೂ ವೆಲ್ಲೂರಿನಲ್ಲೂ ನರ್ಸಿಂಗ್ ಪದವಿ ಶಿಕ್ಷಣ ಆರಂಭವಾಯಿತು.

ಸ್ವತಂತ್ರ ಭಾರತದ ಮೊದಲ ಕಾನೂನುಗಳಲ್ಲಿ ಒಂದು, 1947ರ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯಿದೆ. ದೇಶವಿಡೀ ಒಂದೇ ಮಟ್ಟದ ತರಬೇತಿ ಇರಲಿ ಎಂಬುದು ಅದರ ಉದ್ದೇಶ. ವಿದೇಶಗಳೊಂದಿಗೆ ಮಾತುಕತೆ ನಡೆಸಿ 'ನಿಮ್ಮ ದಾದಿಯರನ್ನು ನಾವು ಒಪ್ಪುತ್ತೇವೆ, ನಮ್ಮವರನ್ನು ನೀವು ಒಪ್ಪಿ' ಎಂಬ ಪರಸ್ಪರ ಮಾನ್ಯತೆಯ ಏರ್ಪಾಡು ಮಾಡಿಕೊಳ್ಳುವ ಅಧಿಕಾರವನ್ನೂ ಅದು ಕೌನ್ಸಿಲ್‌ಗೆ ಕೊಟ್ಟಿತು. ಆದರೆ ನೋಂದಣಿ ಮಾತ್ರ ರಾಜ್ಯಗಳ ಕೈಯಲ್ಲೇ ಉಳಿಯಿತು. ನಮ್ಮಲ್ಲಿ 1961ರ ಮೈಸೂರು ದಾದಿಯರು, ಸೂಲಗಿತ್ತಿಯರು ಮತ್ತು ಆರೋಗ್ಯ ಸಂದರ್ಶಕಿಯರ ಕಾಯಿದೆಯಡಿ ರಾಜ್ಯ ಕೌನ್ಸಿಲ್ ಕೆಲಸ ಮಾಡತೊಡಗಿತು.

ಬೆಂಗಳೂರಿನ ಡಿಪ್ಲೊಮಾ

ವಿಶೇಷ ಶುಶ್ರೂಷೆಯ ವಿಷಯದಲ್ಲಿ ಕನ್ನಡನಾಡಿಗೆ ಹೆಮ್ಮೆಪಡುವ ಅಧ್ಯಾಯವೊಂದಿದೆ. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆಯ ಆವರಣದಲ್ಲಿ 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಡಾ. ಎಂ.ವಿ. ಗೋವಿಂದಸ್ವಾಮಿ ಅದರ ನಿರ್ದೇಶಕರಾಗಿದ್ದರು. ವೈದ್ಯರ ಜೊತೆಗೆ ದಾದಿಯರೂ ಮನೋರೋಗದಲ್ಲಿ ಪರಿಣತರಾಗಬೇಕೆಂಬ ದೃಷ್ಟಿಯಿಂದ ಅದೇ ದಶಕದಲ್ಲಿ ಮನೋರೋಗ ಶುಶ್ರೂಷೆಯ ಡಿಪ್ಲೊಮಾ ತರಬೇತಿ ಅಲ್ಲಿ ಶುರುವಾಯಿತು. 1974ರಲ್ಲಿ ಈ ಸಂಸ್ಥೆಯೂ ಮಾನಸಿಕ ಆಸ್ಪತ್ರೆಯೂ ಕೂಡಿ ನಿಮ್ಹಾನ್ಸ್ ಆಯಿತು. ದೇಶದ ಮೂಲೆ ಮೂಲೆಯ ದಾದಿಯರು ಇಲ್ಲಿಗೆ ಬಂದು ಕಲಿತು ಹೋದರು.

ತೊಡಕು ಇರುವುದು ಇಲ್ಲೇ. ನಮ್ಮಲ್ಲಿ ದಾದಿ ಮೊದಲು ಎಲ್ಲ ಬಗೆಯ ಶುಶ್ರೂಷೆ ಕಲಿಯುತ್ತಾಳೆ, ಹೆರಿಗೆ ಮಾಡಿಸುವುದನ್ನೂ ಕಲಿಯುತ್ತಾಳೆ. ದಾದಿ ಮತ್ತು ಸೂಲಗಿತ್ತಿ ಎಂದು ಎರಡೂ ಹೆಸರಿನಲ್ಲಿ ನೋಂದಾಯಿತಳಾಗುತ್ತಾಳೆ. ವಿಶೇಷ ಡಿಪ್ಲೊಮಾ ಅದರ ಮೇಲಿನ ಹೆಚ್ಚುವರಿ ಅರ್ಹತೆ. ಬ್ರಿಟನ್ನಿನಲ್ಲಿ ಇದು ತಿರುಗುಮುರುಗು. ಅಲ್ಲಿ ವಿದ್ಯಾರ್ಥಿನಿ ಆರಂಭದಲ್ಲೇ ವಯಸ್ಕರ, ಮಕ್ಕಳ, ಮಾನಸಿಕ ಆರೋಗ್ಯದ ಅಥವಾ ಬೌದ್ಧಿಕ ನ್ಯೂನತೆಯ ವಿಭಾಗವನ್ನು ಆರಿಸಿಕೊಂಡು ಅದರಲ್ಲೇ ನೋಂದಣಿ ಪಡೆಯುತ್ತಾಳೆ. ಸೂಲಗಿತ್ತಿಯ ವೃತ್ತಿ ಸಂಪೂರ್ಣ ಬೇರೆ. ಆದ್ದರಿಂದ ನಮ್ಮಿಂದ ಹೋದ ದಾದಿ ಸಾಮಾನ್ಯವಾಗಿ ವಯಸ್ಕರ ವಿಭಾಗದಲ್ಲಿ ಸೇರಿಕೊಳ್ಳುತ್ತಾಳೆ. ಅವಳು ಮಾಡಿಸಿದ ಹೆರಿಗೆಗಳು, ಮನೋರೋಗಿಗಳ ವಾರ್ಡಿನಲ್ಲಿ ಕಳೆದ ರಾತ್ರಿಗಳು ರಿಜಿಸ್ಟರಿನಲ್ಲಿ ಕಾಣುವುದಿಲ್ಲ. ಎರಡು ಪೆಟ್ಟಿಗೆಗಳ ಖಾನೆಗಳು ಬೇರೆ ಬೇರೆ. ಒಂದರಲ್ಲಿದ್ದ ವಸ್ತುವಿಗೆ ಇನ್ನೊಂದರಲ್ಲಿ ಜಾಗವೇ ಇಲ್ಲ.

ಬದಲಾಗುವ ಬಾಗಿಲುಗಳು

ಅಮೆರಿಕ 1977ರಲ್ಲಿ ವಿದೇಶೀ ದಾದಿಯರ ಅರ್ಹತೆ ತೂಗಲೆಂದೇ ಸಿಜಿಎಫ್‌ಎನ್‌ಎಸ್ ಎಂಬ ಆಯೋಗವನ್ನು ಕಂಡಿತು. ಅಲ್ಲಿ ಸರ್ಟಿಫಿಕೇಟ್ ಇದ್ದರೂ ಎನ್‌ಕ್ಲೆಕ್ಸ್ ಪರೀಕ್ಷೆ ತಪ್ಪದು. ಬ್ರಿಟನ್ 2005ರಲ್ಲಿ ಯುರೋಪಿನ ಹೊರಗಿನ ದಾದಿಯರಿಗೆ ಪ್ರತ್ಯೇಕ ತರಬೇತಿ ಕಾರ್ಯಕ್ರಮ ತಂದಿತು. 2014ರಲ್ಲಿ ಅದನ್ನು ಬಿಟ್ಟು ಕಂಪ್ಯೂಟರ್ ಪರೀಕ್ಷೆ ಮತ್ತು ಪ್ರಾಯೋಗಿಕ ಪರೀಕ್ಷೆ ಎಂಬ ಎರಡು ಹಂತ ಮಾಡಿತು. ಇಂಗ್ಲಿಷ್ ಪರೀಕ್ಷೆ ಇದ್ದೇ ಇದೆ.

ಕೊಲ್ಲಿಯ ಚರಿತ್ರೆ ಇನ್ನೊಂದು ಬಗೆಯದು. ಸೌದಿ ಅರೇಬಿಯಾದ ಲುತ್ಫಿಯ್ಯಾ ಅಲ್ ಖತೀಬ್ 1941ರಲ್ಲಿ ಕೈರೋದಲ್ಲಿ ನರ್ಸಿಂಗ್ ಡಿಪ್ಲೊಮಾ ಪಡೆದು ತಾಯ್ನಾಡಿಗೆ ಮರಳಿದಾಗ ಅವರ ದೇಶದಲ್ಲಿ ಆ ವಿದ್ಯೆ ಕಲಿಸುವ ಶಾಲೆಯೇ ಇರಲಿಲ್ಲ. ಅವರ ವಿದೇಶೀ ಅರ್ಹತೆಯೇ ಮುಂದೆ ಸ್ವದೇಶೀ ಶಿಕ್ಷಣಕ್ಕೆ ಬೀಜವಾಯಿತು. ಹೆಣ್ಣುಮಕ್ಕಳ ಶಿಕ್ಷಣಕ್ಕೂ ದಾದಿ ವೃತ್ತಿಯ ಗೌರವಕ್ಕೂ ಅವರು ಜೀವನವಿಡೀ ವಾದಿಸಿದರು. ತೈಲದ ಹಣದಿಂದ ಆಸ್ಪತ್ರೆಗಳು ಎದ್ದಾಗ ಭಾರತದ, ಫಿಲಿಪ್ಪೀನ್ಸ್‌ನ ದಾದಿಯರು ಅವುಗಳನ್ನು ನಡೆಸಿದರು. 1992ರಲ್ಲಿ ಸೌದಿ ಆರೋಗ್ಯ ತಜ್ಞತೆಗಳ ಆಯೋಗ ಸ್ಥಾಪನೆಯಾದ ಮೇಲೆ ವರ್ಗೀಕರಣ, ಪರೀಕ್ಷೆ, ಮೂಲ ಸಂಸ್ಥೆಯಿಂದಲೇ ದಾಖಲೆ ಪರಿಶೀಲನೆ ಎಂಬ ಕ್ರಮಗಳು ಒಂದೊಂದಾಗಿ ಬಂದವು. ನಕಲಿ ಸರ್ಟಿಫಿಕೇಟುಗಳ ಹಾವಳಿ ಇದ್ದುದರಿಂದ ಇದನ್ನು ತಪ್ಪೆನ್ನಲಾಗದು. ಆದರೆ ನಕಲಿ ಮಾಡಿದವರ ಪಾಪದ ದಂಡವನ್ನು ಪ್ರಾಮಾಣಿಕರೂ ತಿಂಗಳುಗಟ್ಟಲೆ ಕಾಯುವ ಮೂಲಕ ತೆರಬೇಕಾಯಿತು. ಮಧ್ಯವರ್ತಿಗಳ ಸುಲಿಗೆ ಮಿತಿಮೀರಿದಾಗ 2015ರಲ್ಲಿ ಭಾರತ ಸರಕಾರ ಕೊಲ್ಲಿ ಸೇರಿದಂತೆ ಹಲವು ದೇಶಗಳಿಗೆ ದಾದಿಯರ ನೇಮಕಾತಿಯನ್ನು ಎಮಿಗ್ರೇಷನ್ ಅನುಮತಿಯ ವ್ಯಾಪ್ತಿಗೆ ತಂದಿತು.

ಹೊರಗಿನ ಬಾಗಿಲಷ್ಟೇ ಅಲ್ಲ, ಮನೆಯ ಬಾಗಿಲೂ ಕಿರುಗುಟ್ಟಿದ್ದುಂಟು. ಕಾಲೇಜುಗಳಿಗೆ ಮಾನ್ಯತೆ ಕೊಡುವ ಅಧಿಕಾರ ರಾಜ್ಯದ್ದೋ ಕೇಂದ್ರದ ಕೌನ್ಸಿಲಿನದ್ದೋ ಎಂಬ ವಿವಾದ 2017ರಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಇತ್ಯರ್ಥಕ್ಕೆ ಬಂದಾಗ ರಾಜ್ಯದಲ್ಲಿ ಓದುತ್ತಿದ್ದ ವಿದ್ಯಾರ್ಥಿನಿಯರು, ವಿಶೇಷವಾಗಿ ಕೇರಳದಿಂದ ಬಂದವರು, ತಮ್ಮ ಸರ್ಟಿಫಿಕೇಟು ಹೊರರಾಜ್ಯದಲ್ಲಿ, ಹೊರದೇಶದಲ್ಲಿ ನಡೆಯುತ್ತದೆಯೇ ಎಂದು ಕಂಗಾಲಾದರು. ಕಾನೂನಿನ ಪ್ರಶ್ನೆ ಕಾಲೇಜು ಮತ್ತು ಕೌನ್ಸಿಲಿನದು. ಸಾಲ ಮಾಡಿ ಓದಿಸಿದವರು ಮಾತ್ರ ತಂದೆತಾಯಿಗಳು. 1947ರ ಕಾಯಿದೆಯ ಜಾಗದಲ್ಲಿ ರಾಷ್ಟ್ರೀಯ ಆಯೋಗವನ್ನು ತರುವ ಕಾನೂನನ್ನು ಸಂಸತ್ತು 2023ರಲ್ಲಿ ಅಂಗೀಕರಿಸಿದೆ. ಇಂಥ ಗೊಂದಲಗಳನ್ನು ಅದು ಬಿಡಿಸುವುದೇ ಎಂಬುದರ ಮೇಲೆ ಅದರ ಬೆಲೆ ನಿಂತಿದೆ.

ಚರಿತ್ರೆ ಹೇಳುವ ಪಾಠ

ಈ ಚರಿತ್ರೆಯಿಂದ ಮನೆಮನೆಗೂ ಉಪಯೋಗವಾಗುವ ಮಾತುಗಳಿವೆ. ವಿದೇಶೀ ಕೌನ್ಸಿಲ್ ನೋಡುವುದು ಡಿಪ್ಲೊಮಾದ ಹೆಸರನ್ನಲ್ಲ, ಅದರ ಒಳಗಿರುವುದನ್ನು. ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ವಾರ್ಡು, ಯಾವ ವಿಭಾಗದಲ್ಲಿ ಎಂಬ ವಿವರ ಬೇಕು. ಅದನ್ನು ಕೋರ್ಸ್ ಮುಗಿಯುವಾಗಲೇ ಕಾಲೇಜಿನಿಂದ ಬರೆಸಿ ಇಟ್ಟುಕೊಳ್ಳಬೇಕು. ಹತ್ತು ವರ್ಷದ ಮೇಲೆ ಕಾಲೇಜು ಮುಚ್ಚಿರಬಹುದು, ಕಡತ ಸಿಗದಿರಬಹುದು. ವಿಶೇಷ ಡಿಪ್ಲೊಮಾ ಪಡೆದವರು ಅದನ್ನು ರಾಜ್ಯ ಕೌನ್ಸಿಲಿನಲ್ಲಿ ಹೆಚ್ಚುವರಿ ಅರ್ಹತೆಯಾಗಿ ದಾಖಲಿಸಿಕೊಳ್ಳಬೇಕು. ತವರಿನ ರಿಜಿಸ್ಟರಿನಲ್ಲೇ ಇಲ್ಲದ ವಿದ್ಯೆಯನ್ನು ಪರದೇಶ ಒಪ್ಪುವುದು ಕಷ್ಟ. ಮದುವೆಯ ನಂತರ ಬದಲಾದ ಹೆಸರು, ಎಸೆಸೆಲ್ಸಿ ಅಂಕಪಟ್ಟಿಯಲ್ಲೊಂದು, ಪಾಸ್‌ಪೋರ್ಟಿನಲ್ಲೊಂದು ಕಾಗುಣಿತ — ನಮ್ಮ ಸಮುದಾಯದ ಹೆಸರುಗಳಲ್ಲಿ ಇದು ಇನ್ನೂ ಹೆಚ್ಚು — ಇವನ್ನು ಹೊರಡುವ ಮುನ್ನವೇ ಸರಿಪಡಿಸಿಕೊಳ್ಳಬೇಕು. ಉದ್ಯೋಗದ ಒಪ್ಪಂದಕ್ಕೆ ಸಹಿ ಹಾಕುವ ಮೊದಲು ತಾನು ಯಾವ ದರ್ಜೆಯಲ್ಲಿ ನೋಂದಣಿಯಾಗುತ್ತೇನೆ ಎಂಬುದನ್ನು ಏಜೆಂಟನಿಂದಲ್ಲ, ಆ ದೇಶದ ಪರವಾನಗಿ ಸಂಸ್ಥೆಯಿಂದಲೇ ತಿಳಿದುಕೊಳ್ಳಬೇಕು.

ಸರಕಾರದ ಹೊಣೆ ಇದಕ್ಕಿಂತ ದೊಡ್ಡದು. ಪರಸ್ಪರ ಮಾನ್ಯತೆಯ ಮಾತುಕತೆಯ ಅಧಿಕಾರ 1947ರಿಂದಲೇ ಕಾನೂನಿನಲ್ಲಿತ್ತು. ಒಬ್ಬೊಬ್ಬ ದಾದಿ ಒಂಟಿಯಾಗಿ ಪರದೇಶದ ಕಿಟಕಿಯ ಮುಂದೆ ನಿಂತು ತನ್ನ ವಿದ್ಯೆಯನ್ನು ಸಮರ್ಥಿಸಿಕೊಳ್ಳುವ ಬದಲು, ದೇಶವೇ ಅವಳ ಪರವಾಗಿ ನಿಂತು ನಮ್ಮ ಮನೋರೋಗ ಶುಶ್ರೂಷೆಯ ತರಬೇತಿ ನಿಮ್ಮ ಯಾವ ಖಾನೆಗೆ ಸಮ ಎಂದು ಕೇಳಬೇಕು. ವ್ಯಾಪಾರ ಒಪ್ಪಂದಗಳಲ್ಲಿ ಸರಕಿನ ಸುಂಕದ ಬಗ್ಗೆ ವರ್ಷಗಟ್ಟಲೆ ಚರ್ಚಿಸುವವರಿಗೆ ಇದು ಭಾರವಾಗಬಾರದು.

ನಮ್ಮ ಸಮುದಾಯದ ಹೊಣೆಯೂ ಇದೆ. ರುಫೈದಾರ ಹೆಸರನ್ನು ಭಾಷಣಗಳಲ್ಲಿ ಹೇಳುತ್ತೇವೆ, ಆದರೆ ಮಗಳು ನರ್ಸಿಂಗ್ ಓದುತ್ತೇನೆಂದರೆ ರಾತ್ರಿ ಪಾಳಿ, ಪರಪುರುಷರ ಆರೈಕೆ, ಮದುವೆಯ ಮಾತು ಎಂದು ಹಿಂಜರಿಯುವ ಮನೆಗಳು ಇನ್ನೂ ಇವೆ. ಆಸ್ಪತ್ರೆಗೆ ಸೇರಿದ ತಾಯಿಗೆ ಮಾತ್ರ ಹೆಣ್ಣು ದಾದಿಯೇ ಬೇಕೆನ್ನುತ್ತೇವೆ. ಆ ದಾದಿ ಯಾರ ಮನೆಯ ಮಗಳಾಗಬೇಕು? ಪರದೇಶದ ಕೌನ್ಸಿಲು ಅವಳ ವಿದ್ಯೆಗೆ ಮಾನ್ಯತೆ ಕೊಡುವುದು ಆಮೇಲಿನ ಮಾತು. ಮೊದಲ ಮಾನ್ಯತೆ ಅವಳಿಗೆ ಸಿಗಬೇಕಾದದ್ದು ಬಸವಾಪಟ್ಟಣದಂಥ ಊರುಗಳ ನಮ್ಮ ಮನೆಗಳಲ್ಲಿ. ಅದಕ್ಕೆ ಯಾವ ಪರೀಕ್ಷೆಯೂ ಬೇಕಿಲ್ಲ.